ಗುಂಡು, ಮದ್ದು, ಕಾಡತೂಸು: ಒಂದು ಹಳೆಯ ಸೇನಾ ತೋಟೆಯ ಚರಿತ್ರೆ

ಬಂದೂಕಿಗೆ ಸಂಬಂಧಿಸಿದಂತೆ ಕನ್ನಡದಲ್ಲಿ ನಿತ್ಯ ಬಳಕೆಯಲ್ಲಿರುವ ಮೂರು ಪದಗಳನ್ನು ಮೊದಲು ಗಮನಿಸೋಣ: ಗುಂಡು, ಮದ್ದು, ಕಾಡತೂಸು. ಗುಂಡು ಎಂದರೆ ದುಂಡಗಿರುವ ವಸ್ತು. ಗುಂಡುಕಲ್ಲು, ಗುಂಡುಸೂಜಿ ಎಂಬಲ್ಲಿರುವ ಅರ್ಥವೇ ಇಲ್ಲಿಯೂ ಇದೆ. ಆದರೆ ಇಂದಿನ ಪಿಸ್ತೂಲಿನ ಗುಂಡು ದುಂಡಗಿಲ್ಲ. ಅದು ತಳ ಚಪ್ಪಟೆಯಾಗಿ ತುದಿ ಬಾಗಿರುವ ಉದ್ದನೆಯ ಲೋಹದ ತುಂಡು. ಮದ್ದು ಎಂದರೆ ಔಷಧಿ. ಜೀವ ಉಳಿಸುವ ವಸ್ತುವಿನ ಹೆಸರೇ ಜೀವ ತೆಗೆಯುವ ಪುಡಿಗೂ ಬಂದಿದೆ. ನಮ್ಮ ಗಡಿಸೀಮೆಯ ಮನೆಗಳಲ್ಲಿ ಕನ್ನಡದೊಡನೆ ಕೇಳಿಬರುವ ತೆಲುಗಿನಲ್ಲಿಯೂ ‘ಮಂದು’ ಎಂಬ ಒಂದೇ ಪದ ಈ ಎರಡಕ್ಕೂ ಸಲ್ಲುತ್ತದೆ. ಚೀನೀ ಭಾಷೆಯಲ್ಲಿ ಸಿಡಿಮದ್ದಿನ ಹೆಸರಿಗೆ ‘ಬೆಂಕಿಯ ಮದ್ದು’ ಎಂದೇ ಅರ್ಥ. ಅಲ್ಲಿಯ ರಸವಾದಿಗಳು ಒಂಬತ್ತನೆಯ ಶತಮಾನದ ಹೊತ್ತಿಗೆ ಆ ಮಿಶ್ರಣವನ್ನು ಅರಿತಿದ್ದರು. ಇನ್ನು ಕಾಡತೂಸು ಹಿಂದೂಸ್ತಾನಿಯ ‘ಕಾರ್‌ತೂಸ್’ ಮೂಲಕ ನಮಗೆ ಬಂದ ಯುರೋಪಿನ ಪದ. ಅದರ ಬೇರು ಕಾಗದವೆಂಬ ಅರ್ಥದ ಇಟಾಲಿಯನ್ ಶಬ್ದ ‘ಕಾರ್ತಾ’. ಹಿತ್ತಾಳೆಯಿಂದ ಮಾಡಿದ ವಸ್ತುವನ್ನು ನಾವು ಇಂದಿಗೂ ಕಾಗದದ ಹೆಸರಿನಿಂದಲೇ ಕರೆಯುತ್ತಿದ್ದೇವೆ.

ಹೀಗೆ ಪ್ರತಿಯೊಂದು ಪದವೂ ತಾನು ಹುಟ್ಟಿದ ಕಾಲದ ಆಯುಧವನ್ನು ನೆನಪಿನಲ್ಲಿ ಇಟ್ಟುಕೊಂಡಿದೆ. ಆಯುಧ ಬದಲಾದಾಗ ಪದ ಬದಲಾಗಲಿಲ್ಲ. ಈ ಲೇಖನದಲ್ಲಿ ಅಂತಹ ಬದಲಾವಣೆಯ ಒಂದು ಘಟ್ಟವನ್ನು ವಿವರಿಸಲಾಗಿದೆ. ಸುಮಾರು ಅರ್ಧ ಶತಮಾನದಷ್ಟು ಕಾಲ ಬ್ರಿಟಿಷ್ ಮತ್ತು ಬ್ರಿಟಿಷ್ ಭಾರತದ ಸೇನೆಗಳ ಕೈಬಂದೂಕಿಗೆ ತುಂಬಲಾಗುತ್ತಿದ್ದ .455 ವೆಬ್ಲಿ ಎಂಬ ತೋಟೆಯೇ ಇಲ್ಲಿಯ ವಿಷಯ. ಆ ತೋಟೆಯ ಆಕಾರವನ್ನು ನಿರ್ಧರಿಸಿದ್ದು ಭೌತವಿಜ್ಞಾನವೊಂದೇ ಅಲ್ಲ. ಅದರ ಎದುರಿಗೆ ನಿಲ್ಲುವ ಮನುಷ್ಯ ಯಾರು ಎಂಬ ಪ್ರಶ್ನೆಯೂ ಹೌದು.

ಕಾಗದದಿಂದ ಹಿತ್ತಾಳೆಗೆ

ಕುಂದುರ್ಪಿಯ ಬೆಟ್ಟದ ಮೇಲಿನ ದುರ್ಗ ರಾಯದುರ್ಗದ ಪಾಳೆಯಗಾರರ ಚರಿತ್ರೆಯೊಡನೆ ಹೆಣೆದುಕೊಂಡಿದೆ. ಹದಿನೆಂಟನೆಯ ಶತಮಾನದ ಕೊನೆಯ ಭಾಗದಲ್ಲಿ ಈ ಸೀಮೆ ಮೈಸೂರಿನ ಹೈದರಾಲಿ ಮತ್ತು ಟಿಪ್ಪು ಸುಲ್ತಾನರ ಪ್ರಭಾವಕ್ಕೆ ಒಳಗಾಯಿತು. ಟಿಪ್ಪುವಿನ ಪತನದ ನಂತರ ನಿಜಾಮನ ಪಾಲಿಗೆ ಬಂದು, 1800ರಲ್ಲಿ ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ ದತ್ತ ಮಂಡಲಗಳಲ್ಲಿ ಸೇರಿಹೋಯಿತು. ಆ ಮಂಡಲಗಳ ಆಡಳಿತವನ್ನು ವಹಿಸಿಕೊಂಡ ಥಾಮಸ್ ಮನ್ರೋ ಪಾಳೆಯಗಾರರ ಸೈನ್ಯಬಲವನ್ನು ಮುರಿದನು. ಈ ಎಲ್ಲ ಕಾಲದಲ್ಲಿಯೂ ಬಂದೂಕಿನಿಂದ ಹೊರಟಿದ್ದು ನಿಜವಾದ ಅರ್ಥದಲ್ಲಿ ಗುಂಡು, ಎಂದರೆ ದುಂಡನೆಯ ಸೀಸದ ಗೋಲಿ.

ಅಂದಿನ ಪಿಸ್ತೂಲು ಒಮ್ಮೆಗೆ ಒಂದೇ ಗುಂಡು ಹಾರಿಸುವಂಥದು. ಹೆಚ್ಚಾಗಿ ಕುದುರೆ ಸವಾರರ ಆಯುಧ. ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿಗಾಗಿ ಮಾಡಿದ ಜೋಡಿ ಪಿಸ್ತೂಲುಗಳಲ್ಲಿ ಒಂದರ ಚಕಮಕಿಯ ಯಂತ್ರ ಬಲಬದಿಗೂ ಮತ್ತೊಂದರದು ಎಡಬದಿಗೂ ಇರುವುದನ್ನು ಕಾಣಬಹುದು. ಎರಡು ಕೈಗೆ ಎರಡು ಆಯುಧ ಎಂಬ ಎಣಿಕೆ ಅದು. ಅಳತೆಯ ಮದ್ದನ್ನೂ ಒಂದು ಗುಂಡನ್ನೂ ಕಾಗದದಲ್ಲಿ ಸುತ್ತಿ ಮೊದಲೇ ಸಿದ್ಧಪಡಿಸಿಕೊಳ್ಳುವುದು ಅಂದಿನ ಸೇನೆಗಳ ಪದ್ಧತಿ. ಯೋಧನು ಕಾಗದದ ತುದಿಯನ್ನು ಹಲ್ಲಿನಿಂದ ಹರಿದು, ಚಿಟಿಕೆ ಮದ್ದನ್ನು ಚಕಮಕಿಯ ಬಟ್ಟಲಿಗೆ ಸುರಿದು, ಉಳಿದ ಮದ್ದು, ಗುಂಡು ಮತ್ತು ಕಾಗದವನ್ನು ನಳಿಗೆಯ ಬಾಯಿಂದ ಒಳಕ್ಕೆ ತಳ್ಳಿ, ಸಲಾಕೆಯಿಂದ ಜಡಿಯುತ್ತಿದ್ದನು. ಮಳೆ ಬಂದರೆ ಮದ್ದು ತೇವವಾಗುತ್ತಿತ್ತು. ಗಾಳಿ ಬೀಸಿದರೆ ಬಟ್ಟಲಿನ ಪುಡಿ ಹಾರುತ್ತಿತ್ತು. ಕಾಡತೂಸು ಎಂದರೆ ಆಗ ಈ ಕಾಗದದ ಸುರುಳಿ. 1857ರಲ್ಲಿ ಕೊಬ್ಬು ಸವರಿದ ತೋಟೆಯ ವದಂತಿ ಸಿಪಾಯಿಗಳನ್ನು ಕೆರಳಿಸಿದ್ದಕ್ಕೆ ಕಾರಣ ಇಷ್ಟೇ: ಆ ಕಾಗದವನ್ನು ಬಾಯಿಗೆ ಇಡಬೇಕಾಗಿತ್ತು.

ಅದೇ ವರ್ಷ ನಿಶ್ಶಸ್ತ್ರೀಕರಣದ ಕಾನೂನು ಬಂದಿತು. ಆಯುಧ ಒಪ್ಪಿಸಲಾರೆವೆಂದ ಮುಧೋಳ ಸೀಮೆಯ ಹಲಗಲಿಯ ಬೇಡರ ಮೇಲೆ ನವೆಂಬರಿನಲ್ಲಿ ಸೇನೆ ಬಿದ್ದು ಊರನ್ನು ಸುಟ್ಟಿತು, ಮುಂದಾಳುಗಳನ್ನು ಗಲ್ಲಿಗೇರಿಸಲಾಯಿತು. ಜೆ.ಎಫ್. ಫ್ಲೀಟ್ ಸಂಗ್ರಹಿಸಿದ ಲಾವಣಿಯ ಮೂಲಕ ಆ ದುರಂತ ನಮ್ಮ ಪಠ್ಯಗಳಿಗೂ ಬಂದಿದೆ. ಇನ್ನೊಂದೆಡೆ, 1861ರಲ್ಲಿ ಮಾರ್ಕ್ ಕಬ್ಬನ್ ಕೊಡವರಿಗೆ ಅದೇ ಬಗೆಯ ಕಾನೂನಿನಿಂದ ವಿನಾಯಿತಿ ಕೊಟ್ಟನು. ಆಯುಧ ಯಾರ ಕೈಯಲ್ಲಿ ಇರಬಹುದು, ಯಾರ ಕೈಯಲ್ಲಿ ಇರಬಾರದು ಎಂಬ ನಿರ್ಧಾರ ಕನ್ನಡ ನೆಲದಲ್ಲಿ ನಾಲ್ಕೇ ವರ್ಷಗಳ ಅಂತರದಲ್ಲಿ ಎರಡು ಬಗೆಯಾಗಿ ನಡೆಯಿತು.

ಈ ಹೊತ್ತಿಗಾಗಲೇ ಚಕಮಕಿಯ ಸ್ಥಾನವನ್ನು ‘ಕೇಪು’ ಆಕ್ರಮಿಸಿತ್ತು. ಪೆಟ್ಟು ಬಿದ್ದೊಡನೆ ಕಿಡಿ ಹೊಮ್ಮಿಸುವ ರಾಸಾಯನಿಕವನ್ನು ಹೊದ್ದ ಪುಟ್ಟ ತಾಮ್ರದ ಟೊಪ್ಪಿಗೆಯೇ ಕೇಪು. ಮುಂದಿನ ಹೆಜ್ಜೆಯಲ್ಲಿ ಗುಂಡು, ಮದ್ದು, ಕೇಪು ಮೂರನ್ನೂ ಒಂದೇ ಲೋಹದ ಕೋಶದಲ್ಲಿ ಸೇರಿಸಲಾಯಿತು. ಮಲೆನಾಡಿನವರು ಇಂದಿಗೂ ‘ಕೇಪಿನ ಕೋವಿ’ ಮತ್ತು ‘ತೋಟೆಕೋವಿ’ ಎಂದು ಎರಡು ಬಗೆ ಮಾಡುವುದು ಇದೇ ವ್ಯತ್ಯಾಸವನ್ನು. ಮೊದಲನೆಯದಕ್ಕೆ ಮದ್ದು, ಗುಂಡುಗಳನ್ನು ಬಾಯಿಂದ ಜಡಿಯಬೇಕು. ಎರಡನೆಯದಕ್ಕೆ ಸಿದ್ಧ ತೋಟೆಯನ್ನು ಹಿಂದಿನಿಂದ ತುಂಬಬೇಕು. ಬ್ರಿಟಿಷ್ ಸೇನೆ 1868ರಲ್ಲಿ ತನ್ನ ರಿವಾಲ್ವರಿಗೆ .450 ಆಡಮ್ಸ್ ಎಂಬ ಲೋಹದ ತೋಟೆಯನ್ನು ಒಪ್ಪಿಕೊಂಡಿತು. ನಮ್ಮ ವಿಷಯವಾದ .455 ಅದೇ ವಂಶದ ಕುಡಿ.

ತೋಟೆಯ ಅಂಗಗಳು

ಲೋಹದ ತೋಟೆಗೆ ನಾಲ್ಕು ಅಂಗಗಳು. ಹಿತ್ತಾಳೆಯ ಕೋಶ, ಅದರ ತಳದ ನಡುವೆ ಕೂರುವ ಕೇಪು, ಒಳಗಿನ ಮದ್ದು, ಬಾಯಿಗೆ ಕಚ್ಚಿಸಿದ ಗುಂಡು. ಕುದುರೆ ಎಳೆದಾಗ ಸುತ್ತಿಗೆ ಕೇಪಿಗೆ ಬಡಿಯುತ್ತದೆ. ಕೇಪಿನ ಕಿಡಿ ಮದ್ದಿಗೆ ತಗುಲುತ್ತದೆ. ಮದ್ದು ಉರಿದು ಅನಿಲವಾಗಿ ಹಿಗ್ಗುತ್ತದೆ. ಆ ಒತ್ತಡಕ್ಕೆ ಹಿತ್ತಾಳೆ ಕೊಂಚ ಅರಳಿ ಗೋಡೆಗೆ ಅಂಟಿಕೊಳ್ಳುವುದರಿಂದ ಅನಿಲ ಹಿಂದಕ್ಕೆ ಸೋರುವುದಿಲ್ಲ. ಎಲ್ಲ ಬಲವೂ ಗುಂಡನ್ನು ಮುಂದಕ್ಕೆ ನೂಕುತ್ತದೆ. ಒತ್ತಡ ಇಳಿದಾಗ ಹಿತ್ತಾಳೆ ಮರಳಿ ಕುಗ್ಗುತ್ತದೆ, ಖಾಲಿ ಕೋಶವನ್ನು ಹೊರಗೆ ತೆಗೆಯಲು ಸಾಧ್ಯವಾಗುತ್ತದೆ. ಕಾಗದದಿಂದ ಹಿತ್ತಾಳೆಗೆ ದಾಟಿದ್ದರ ಲಾಭ ಮಳೆಯಿಂದ ರಕ್ಷಣೆಯೊಂದೇ ಅಲ್ಲ, ಈ ಹಿಗ್ಗು ಕುಗ್ಗುಗಳ ಗುಣವೂ ಹೌದು.

ಹಳೆಯ ಕರಿಮದ್ದು ಪೆಟ್ಲುಪ್ಪು, ಇದ್ದಿಲು, ಗಂಧಕಗಳ ಮಿಶ್ರಣ. ನೂರು ಪಾಲಿನಲ್ಲಿ ಪೆಟ್ಲುಪ್ಪು ಎಪ್ಪತ್ತೈದು, ಇದ್ದಿಲು ಹದಿನೈದು, ಗಂಧಕ ಹತ್ತು ಎಂಬುದು ರೂಢಿಯ ಅಳತೆ. ಅದು ಉರಿದಾಗ ಅರ್ಧದಷ್ಟು ಭಾಗವೂ ಅನಿಲವಾಗುವುದಿಲ್ಲ. ಉಳಿದದ್ದು ದಟ್ಟ ಹೊಗೆ ಮತ್ತು ಮಸಿ. 1889ರಲ್ಲಿ ಬ್ರಿಟನ್ನಿನಲ್ಲಿ ಸಿದ್ಧವಾದ ಕಾರ್ಡೈಟ್ ಎಂಬ ಹೊಗೆಯಿಲ್ಲದ ಮದ್ದು ಈ ತೊಡಕನ್ನು ನೀಗಿತು. ನೈಟ್ರೋಗ್ಲಿಸರಿನ್ ಮತ್ತು ಸಿಡಿಹತ್ತಿಗಳನ್ನು ಕಲಸಿ ಹುರಿಯಂತೆ ಎಳೆದದ್ದರಿಂದ ಅದಕ್ಕೆ ಆ ಹೆಸರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ, ಕನ್ನಡಕ್ಕೆ ತೀರ ಹತ್ತಿರದ ಬಡಗ ನುಡಿಯನ್ನಾಡುವವರ ನೀಲಗಿರಿಯ ಅರವಂಕಾಡಿನಲ್ಲಿ, ಕಾರ್ಡೈಟ್ ತಯಾರಿಸುವ ಕಾರ್ಖಾನೆಯೇ ತಲೆಯೆತ್ತಿತು. ಕಾಟೇರಿ ಜಲಪಾತದ ನೀರಿನಿಂದ ಅದಕ್ಕೆ ವಿದ್ಯುತ್ತು ಒದಗಿತು.

.455ರ ಹುಟ್ಟು ಮತ್ತು ಬಲ

ಬರ್ಮಿಂಗ್‌ಹ್ಯಾಮಿನ ವೆಬ್ಲಿ ಸಂಸ್ಥೆಯ ರಿವಾಲ್ವರನ್ನು ಬ್ರಿಟಿಷ್ ಸೇನೆ 1887ರಲ್ಲಿ ಸ್ವೀಕರಿಸಿತು. ಉರುಳೆಯಲ್ಲಿ ಆರು ತೋಟೆ; ನಳಿಗೆಯನ್ನು ಮುಂದಕ್ಕೆ ಬಾಗಿಸಿದರೆ ಆರೂ ಖಾಲಿ ಕೋಶಗಳು ಒಮ್ಮೆಗೇ ಹೊರಬೀಳುವ ಏರ್ಪಾಡು. ಅದರ .455 ತೋಟೆಯ ಮೊದಲ ಮಾದರಿ 1891ರಲ್ಲಿ ಅಧಿಕೃತವಾಯಿತು. ಸಂಖ್ಯೆ ಇಂಚಿನ ಸಾವಿರ ಭಾಗಗಳ ಲೆಕ್ಕ. ಗುಂಡಿನ ಅಡ್ಡಗಲ ಸುಮಾರು ಹನ್ನೊಂದೂವರೆ ಮಿಲಿಮೀಟರ್. ಮೊದಲ ತೋಟೆಗಳಲ್ಲಿ ಕರಿಮದ್ದು ಇತ್ತು. 1894ರಿಂದ ಕಾರ್ಡೈಟ್ ಬಂದಿತು. ಕಾರ್ಡೈಟಿಗೆ ಅಷ್ಟೊಂದು ಜಾಗ ಬೇಕಾಗಿರಲಿಲ್ಲ. ಆದ್ದರಿಂದ 1897ರ ಎರಡನೆಯ ಮಾದರಿಯಲ್ಲಿ ಕೋಶದ ಉದ್ದವನ್ನು ಸುಮಾರು 22 ಮಿಲಿಮೀಟರಿನಿಂದ ಸುಮಾರು 19.5 ಮಿಲಿಮೀಟರಿಗೆ ಇಳಿಸಲಾಯಿತು.

ಗುಂಡಿನ ತೂಕ 265 ಗ್ರೇನ್. ಗ್ರೇನ್ ಎಂದರೆ ಮೂಲದಲ್ಲಿ ಒಂದು ಕಾಳಿನ ತೂಕ. ನಮ್ಮ ಅಕ್ಕಸಾಲಿಗರ ಗುಲಗಂಜಿಯಂತಹ ಅಳತೆ. ಬ್ರಿಟಿಷ್ ಭಾರತದಲ್ಲಿ ಒಂದು ತೊಲಕ್ಕೆ 180 ಗ್ರೇನ್ ಎಂದು ನಿಗದಿಯಾಗಿತ್ತು. ಆ ಲೆಕ್ಕದಲ್ಲಿ ಈ ಗುಂಡು ಹೆಚ್ಚು ಕಡಿಮೆ ಒಂದೂವರೆ ತೊಲ, ಅಂದರೆ 17 ಗ್ರಾಂಗೆ ಸ್ವಲ್ಪ ಹೆಚ್ಚು. ವೇಗ ಸೆಕೆಂಡಿಗೆ ಸುಮಾರು 600 ಅಡಿ, ಎಂದರೆ 183 ಮೀಟರ್. ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಚಲಿಸುವುದರಿಂದ ಈ ಗುಂಡಿಗಿಂತ ಅದರ ಸದ್ದೇ ಮೊದಲು ಮುಟ್ಟುತ್ತಿತ್ತು.

ನಿಧಾನದ ಗುಂಡಿಗೆ ನೆಲದ ಸೆಳೆತ ಹೆಚ್ಚು ಹೊತ್ತು ತಗುಲುತ್ತದೆ. ಗಾಳಿಯ ತಡೆಯನ್ನು ಬಿಟ್ಟು ಲೆಕ್ಕ ಹಾಕಿದರೂ 25 ಮೀಟರ್ ದೂರದಲ್ಲಿ ಗುಂಡು ಸುಮಾರು 9 ಸೆಂಟಿಮೀಟರ್ ಕೆಳಗಿಳಿಯುತ್ತದೆ. 50 ಮೀಟರಿಗೆ ಸುಮಾರು 37 ಸೆಂಟಿಮೀಟರ್. ದೂರ ಎರಡು ಪಟ್ಟಾದರೆ ಇಳಿತ ನಾಲ್ಕು ಪಟ್ಟು. ಈ ತೋಟೆ ಸಮೀಪದ ಕಾದಾಟಕ್ಕೆ ಮಾತ್ರ ಏಕೆ ಯೋಗ್ಯವಾಗಿತ್ತು ಎಂಬುದು ಇದರಿಂದ ತಿಳಿಯುತ್ತದೆ.

ಬಲವನ್ನು ಅಳೆಯಲು ಎರಡು ದಾರಿಗಳಿವೆ. ಚಲನಶಕ್ತಿಯ ಲೆಕ್ಕದಲ್ಲಿ ಈ ಗುಂಡಿನದು ಸುಮಾರು 288 ಜೂಲ್. ಇಂದಿಗೂ ಬಳಕೆಯಲ್ಲಿರುವ 9 ಮಿಲಿಮೀಟರ್ ಪಿಸ್ತೂಲಿನ 8 ಗ್ರಾಂ ಗುಂಡು ಸೆಕೆಂಡಿಗೆ 350 ಮೀಟರ್ ವೇಗದಲ್ಲಿ ಹೊರಟರೆ ಅದರ ಶಕ್ತಿ 490 ಜೂಲ್. ಅಂದಿನ ಸೇನೆಯ .303 ರೈಫಲಿನದು 3000 ಜೂಲಿಗೂ ಮೇಲು. ಇಲ್ಲಿ .455 ಬಹಳ ಹಿಂದೆ ಬೀಳುತ್ತದೆ. ಆದರೆ ತೂಕವನ್ನು ವೇಗದಿಂದ ನೇರವಾಗಿ ಗುಣಿಸುವ ಸಂವೇಗದ ಲೆಕ್ಕ ಬೇರೆ. ಹಾಗೆ ಗುಣಿಸಿದರೆ .455ಕ್ಕೆ 3.1ರಷ್ಟೂ 9 ಮಿಲಿಮೀಟರಿನದಕ್ಕೆ 2.8ರಷ್ಟೂ ಬರುತ್ತದೆ. ಚಲನಶಕ್ತಿಯಲ್ಲಿ ವೇಗದ ವರ್ಗ ಸೇರುವುದರಿಂದ ಹಗುರವಾದ ವೇಗದ ಗುಂಡು ಮೇಲಾಗಿ ಕಾಣುತ್ತದೆ. ಸಂವೇಗದಲ್ಲಿ ತೂಕದ ಗುಂಡು ಮೇಲಾಗಿ ಕಾಣುತ್ತದೆ. ಈ ತೋಟೆಯನ್ನು ಹೊಗಳಿದವರು ಎರಡನೆಯ ಲೆಕ್ಕವನ್ನೂ ತೆಗಳಿದವರು ಮೊದಲನೆಯದನ್ನೂ ಹಿಡಿದರು.

ಆಳನ್ನು ನಿಲ್ಲಿಸುವ ಗುಂಡು

1895ರ ಚಿತ್ರಾಲ್ ದಂಡಯಾತ್ರೆಯ ನಂತರ ಬ್ರಿಟಿಷ್ ಅಧಿಕಾರಿಗಳು ಒಂದು ದೂರನ್ನು ಮತ್ತೆ ಮತ್ತೆ ಹೇಳತೊಡಗಿದರು: ಹೊಸ ರೈಫಲಿನ ಕವಚವುಳ್ಳ ಕಿರಿಯ ಗುಂಡು ಗುಡ್ಡಗಾಡಿನ ಯೋಧರ ಮೈಯನ್ನು ಹಾದು ಹೋಗುತ್ತದೆ, ಆದರೆ ಅವರು ನಿಲ್ಲುವುದಿಲ್ಲ. ಇದಕ್ಕೆ ಉತ್ತರವಾಗಿ ಕಲ್ಕತ್ತೆಯ ಬಳಿಯ ಡಂಡಂ ಶಸ್ತ್ರಾಗಾರದಲ್ಲಿ ಕ್ಯಾಪ್ಟನ್ ಬರ್ಟಿ ಕ್ಲೇ ತುದಿಯ ಕವಚವನ್ನು ತೆರೆದಿಟ್ಟ ಗುಂಡನ್ನು ರೂಪಿಸಿದನು. ಮೈಗೆ ತಗುಲಿದಾಗ ಅದು ಅಣಬೆಯಂತೆ ಅರಳಿ ದೊಡ್ಡ ಗಾಯ ಮಾಡುತ್ತಿತ್ತು. ಬಂಗಾಳದ ಆ ಊರಿನ ಹೆಸರು ಅಂತಹ ಗುಂಡುಗಳಿಗೆಲ್ಲ ಜಗತ್ತಿನಾದ್ಯಂತ ಅಂಟಿಕೊಂಡಿತು.

ಇದೇ ವಿಚಾರವನ್ನು ರಿವಾಲ್ವರಿಗೂ ಅನ್ವಯಿಸಿ 1898ರಲ್ಲಿ .455ರ ಮೂರನೆಯ ಮಾದರಿಯನ್ನು ಹೊರತರಲಾಯಿತು. ಗುಂಡು ಕಂಬದಂತೆ ನೇರ; ತುದಿಯಲ್ಲಿಯೂ ತಳದಲ್ಲಿಯೂ ಬಟ್ಟಲಿನಂತಹ ಕುಳಿ; ತೂಕ 218 ಗ್ರೇನ್. ಮುಂದಿನ ಕುಳಿ ಮೈಗೆ ಬಡಿದೊಡನೆ ಅರಳಬೇಕೆಂಬುದು ಉದ್ದೇಶ. ಇದಕ್ಕೆ ‘ಮ್ಯಾನ್‌ಸ್ಟಾಪರ್’, ಅಂದರೆ ಆಳನ್ನು ನಿಲ್ಲಿಸುವಂಥದು, ಎಂಬ ಹೆಸರು ನಿಂತಿತು.

1899ರಲ್ಲಿ ಹೇಗ್ ನಗರದಲ್ಲಿ ಸೇರಿದ ಶಾಂತಿ ಸಮ್ಮೇಳನದಲ್ಲಿ, ಮೈಯೊಳಗೆ ಸುಲಭವಾಗಿ ಅರಳುವ ಅಥವಾ ಚಪ್ಪಟೆಯಾಗುವ ಗುಂಡುಗಳನ್ನು ಬಳಸಬಾರದೆಂಬ ಘೋಷಣೆ ಬಂದಿತು. ಬ್ರಿಟನ್ ಮತ್ತು ಅಮೆರಿಕ ಅದನ್ನು ವಿರೋಧಿಸಿದವು. ಬ್ರಿಟನ್ನಿನ ಪರವಾಗಿ ಮಾತನಾಡಿದ ಸರ್ ಜಾನ್ ಆರ್ಡಾ ಅವರ ವಾದದ ಸಾರ ಹೀಗಿತ್ತು: ಯುರೋಪಿನ ಸೈನಿಕ ಗಾಯಗೊಂಡರೆ ತನ್ನ ಸರದಿ ಮುಗಿಯಿತೆಂದು ಹಿಂದೆ ಸರಿಯುತ್ತಾನೆ; ‘ಅನಾಗರಿಕ’ ಯೋಧ ಎಷ್ಟು ಗಾಯವಾದರೂ ಮುನ್ನುಗ್ಗುತ್ತಾನೆ; ಆದ್ದರಿಂದ ಅವನಿಗೆ ಬೇರೆ ಗುಂಡು ಬೇಕು. ಆ ‘ಅನಾಗರಿಕ’ ಎಂಬ ಪದದೊಳಗೆ ಚಿತ್ರಾಲಿನ ಪಠಾಣನೂ ಇದ್ದನು, ಸೂಡಾನಿನ ದರ್ವೇಶಿಯೂ ಇದ್ದನು. ಸಾಮ್ರಾಜ್ಯದ ವಿರುದ್ಧ ಎದ್ದು ನಿಂತಿದ್ದರೆ ನಮ್ಮ ಸೀಮೆಯ ರೈತನೂ ಅದರೊಳಗೇ ಬರುತ್ತಿದ್ದನು.

ಘೋಷಣೆಯ ಮಾತುಗಳಲ್ಲಿಯೇ ಇನ್ನೊಂದು ಮಿತಿಯಿತ್ತು. ಒಪ್ಪಿ ಸಹಿ ಹಾಕಿದ ರಾಷ್ಟ್ರಗಳು ತಮ್ಮತಮ್ಮೊಳಗೆ ಯುದ್ಧ ಮಾಡುವಾಗ ಮಾತ್ರ ಅದು ಬದ್ಧವಾಗಿತ್ತು. ವಸಾಹತಿನ ಜನ ಸಹಿ ಹಾಕುವ ಸ್ಥಾನದಲ್ಲಿಯೇ ಇರಲಿಲ್ಲವಾದ್ದರಿಂದ ಅವರ ಮೈಗೆ ಈ ಕಾನೂನಿನ ರಕ್ಷೆ ಇರಲಿಲ್ಲ. ಹಾಗಿದ್ದರೂ ಟೀಕೆಯ ಒತ್ತಡಕ್ಕೆ ಮಣಿದು 1900ರ ಹೊತ್ತಿಗೆ ಮೂರನೆಯ ಮಾದರಿಯನ್ನು ಹಿಂತೆಗೆದುಕೊಂಡು ಎರಡನೆಯದಕ್ಕೇ ಮರಳಲಾಯಿತು. ಘೋಷಣೆಗೆ ಬ್ರಿಟನ್ ಸೇರಿದ್ದು 1907ರಲ್ಲಿ.

ನಿಲ್ಲಿಸುವ ಶಕ್ತಿ ಎಂಬ ಮಾತನ್ನು ಸ್ವಲ್ಪ ಪರೀಕ್ಷಿಸಬೇಕು. ಗುಂಡು ತಗುಲಿದ ಮನುಷ್ಯ ಹಿಂದಕ್ಕೆ ಎಸೆಯಲ್ಪಡುವುದನ್ನು ಚಲನಚಿತ್ರಗಳಲ್ಲಿ ನೋಡುತ್ತೇವೆ. ಮೇಲೆ ಹೇಳಿದ 3.1ರ ಸಂವೇಗವನ್ನು 60 ಕಿಲೋಗ್ರಾಂ ತೂಕದ ಮನುಷ್ಯನಿಗೆ ಪೂರ್ತಿಯಾಗಿ ವರ್ಗಾಯಿಸಿದರೂ ಅವನಿಗೆ ದೊರೆಯುವ ವೇಗ ಸೆಕೆಂಡಿಗೆ ಸುಮಾರು 5 ಸೆಂಟಿಮೀಟರ್ ಮಾತ್ರ. ಇರುವೆಯ ನಡಿಗೆಯಂತಹ ಈ ವೇಗ ಯಾರನ್ನೂ ಕೆಡಹುವುದಿಲ್ಲ. ಹಾರಿಸಿದವನ ಕೈಗೆ ಬೀಳುವ ಹಿಂದೊತ್ತು ಗುಂಡಿನ ಸಂವೇಗಕ್ಕಿಂತ ಕಡಿಮೆಯಲ್ಲ; ಗುಂಡಿನ ನೂಕಿಗೆ ಮನುಷ್ಯ ಹಾರಿಹೋಗುವುದಾದರೆ ಹಾರಿಸಿದವನೂ ಹಾರಿಹೋಗಬೇಕಿತ್ತು. ಮನುಷ್ಯ ಬೀಳುವುದು ನೂಕಿನಿಂದಲ್ಲ. ನರಮಂಡಲಕ್ಕೆ ಬಿದ್ದ ಪೆಟ್ಟಿನಿಂದ, ರಕ್ತ ಸೋರುವುದರಿಂದ, ನೋವು ಭಯಗಳಿಂದ. ಗುಂಡು ಎಲ್ಲಿ ತಗುಲಿತು, ಎಷ್ಟು ಆಳಕ್ಕೆ ಹೋಯಿತು ಎಂಬುದೇ ಮುಖ್ಯ. 1904ರಲ್ಲಿ ಅಮೆರಿಕದ ಸೇನೆ ಥಾಂಪ್ಸನ್ ಮತ್ತು ಲಗಾರ್ಡ್ ಎಂಬ ಅಧಿಕಾರಿಗಳಿಂದ ದನಗಳ ಮೇಲೆಯೂ ಹೆಣಗಳ ಮೇಲೆಯೂ ಪ್ರಯೋಗ ಮಾಡಿಸಿ, .45ಕ್ಕಿಂತ ಕಿರಿದಾದ ಗುಂಡು ಸಾಲದೆಂಬ ನಿರ್ಣಯಕ್ಕೆ ಬಂದಿತು. .455ರ ಗುಂಡೂ ಆ ಪರೀಕ್ಷೆಯಲ್ಲಿತ್ತು. ಆದರೆ ಆ ಪ್ರಯೋಗದ ವಿಧಾನವನ್ನೂ ನಿರ್ಣಯವನ್ನೂ ನಂತರದವರು ಬಹಳ ಪ್ರಶ್ನಿಸಿದ್ದಾರೆ.

ಎದುರಾಳಿ ಬದಲಾದಾಗ

1912ರಲ್ಲಿ ಚಪ್ಪಟೆ ಮೂತಿಯ 220 ಗ್ರೇನ್ ಗುಂಡಿನ ನಾಲ್ಕನೆಯ ಮಾದರಿ ಬಂದಿತು. 1914ರಲ್ಲಿ ಹೆಚ್ಚು ಗಡಸಾದ ಸೀಸದ ಐದನೆಯ ಮಾದರಿ. ಇವು ಕುಳಿಯಿಲ್ಲದ ಗುಂಡುಗಳಾದರೂ ಚಪ್ಪಟೆ ಮೂತಿಯಿಂದ ಅದೇ ಉದ್ದೇಶವನ್ನು ಸಾಧಿಸಲು ಹೊರಟವು. ಅದೇ ವರ್ಷ ಆಗಸ್ಟಿನಲ್ಲಿ ಜರ್ಮನಿಯೊಡನೆ ಯುದ್ಧ ಆರಂಭವಾಯಿತು. ಈಗ ಎದುರಿಗೆ ನಿಂತವನು ಯುರೋಪಿನವನು; ಸೆರೆ ಸಿಕ್ಕ ಅಧಿಕಾರಿಯ ಬಳಿ ಇಂತಹ ಗುಂಡು ದೊರೆತರೆ ಹೇಗ್ ಘೋಷಣೆಯ ಉಲ್ಲಂಘನೆಯೆಂಬ ಆರೋಪ ಬರುವ ಸಂಭವವಿತ್ತು. 1914ರ ಕೊನೆಗೆ ಚಪ್ಪಟೆ ಗುಂಡುಗಳನ್ನು ಯುದ್ಧರಂಗದಿಂದ ಹಿಂತೆಗೆದು ಮತ್ತೆ ದುಂಡು ಮೂತಿಯ ಎರಡನೆಯ ಮಾದರಿಯನ್ನು ಕೊಡಲಾಯಿತು. ಸೀಸ ಅದೇ, ಮದ್ದು ಅದೇ, ರಿವಾಲ್ವರು ಅದೇ. ಬದಲಾದದ್ದು ಎದುರಾಳಿ ಮಾತ್ರ.

ಆ ಯುದ್ಧಕ್ಕೆ ಮೈಸೂರು ಸಂಸ್ಥಾನದ ಲ್ಯಾನ್ಸರ್ಸ್ ಅಶ್ವದಳವೂ ಹೋಗಿತ್ತು. ಮೈಸೂರು, ಜೋಧಪುರ, ಹೈದರಾಬಾದುಗಳ ಸವಾರರು ಒಂದೇ ಬ್ರಿಗೇಡಿನಲ್ಲಿ ಈಜಿಪ್ಟ್ ಮತ್ತು ಪ್ಯಾಲೆಸ್ತೀನುಗಳಲ್ಲಿ ಕಾದಿದರು. 1918ರ ಸೆಪ್ಟೆಂಬರ್ 23ರಂದು ಜೋಧಪುರ ಮತ್ತು ಮೈಸೂರಿನ ಸವಾರರು ಫಿರಂಗಿ ಮತ್ತು ಮೆಷಿನ್‌ಗನ್ನುಗಳ ಕಾವಲಿದ್ದ ಹೈಫಾ ನಗರವನ್ನು ಭಲ್ಲೆ ಹಿಡಿದು ಏರಿ ವಶಪಡಿಸಿಕೊಂಡರು. ಸಾವಿರಕ್ಕೂ ಹೆಚ್ಚು ಮಂದಿ ಸೆರೆಯಾದರು. ಬ್ರಿಟಿಷ್ ಭಾರತದ ಸೇನೆಯ ಅಧಿಕೃತ ಕೈಬಂದೂಕು ಆಗ .455ರ ವೆಬ್ಲಿ. ನೂರಾರು ಮೀಟರ್ ದೂರಕ್ಕೆ ಗುಂಡಿನ ಮಳೆಗರೆಯುವ ಯಂತ್ರದ ಎದುರಿಗೆ ಅಂತಹ ಆಯುಧ ಏನನ್ನೂ ಮಾಡಲಾರದು. ಅದರ ಕಾರ್ಯಕ್ಷೇತ್ರ ಕಂದಕದ ತಿರುವಿನಂತಹ, ಕುದುರೆಯಿಂದ ಬಿದ್ದವನ ಸುತ್ತಲಿನಂತಹ ಕೆಲವೇ ಮಾರು ನೆಲ. ಹೈಫಾವನ್ನು ಗೆದ್ದದ್ದು ಕುದುರೆಯ ವೇಗ ಮತ್ತು ಸವಾರನ ಎದೆಗಾರಿಕೆ. ಆ ಮೂರು ಸಂಸ್ಥಾನಗಳ ಸವಾರರ ನೆನಪಿಗಾಗಿ ದೆಹಲಿಯಲ್ಲಿ ನಿಂತ ಮೂರು ಪ್ರತಿಮೆಗಳಿಂದಲೇ ತೀನ್ ಮೂರ್ತಿ ಎಂಬ ಸ್ಥಳನಾಮ ಹುಟ್ಟಿತು. ಮರುವರ್ಷ, 1919ರಲ್ಲಿ, ಕೊಡಗಿನ ಕೆ.ಎಂ. ಕಾರ್ಯಪ್ಪ ಅಧಿಕಾರಿಯಾಗಿ ಸೇನೆಗೆ ಸೇರಿದಾಗಲೂ ಕೈಬಂದೂಕಿನ ಅಧಿಕೃತ ತೋಟೆ ಇದೇ ಆಗಿತ್ತು.

ಕೊನೆಯ ದಿನಗಳು

ಯುದ್ಧದ ಅನುಭವ ಒಂದು ಪಾಠ ಕಲಿಸಿತು. ಒಂದು ಕಿಲೋಗ್ರಾಂಗೂ ಮೀರಿದ ಭಾರದ ರಿವಾಲ್ವರನ್ನು ಅವಸರದಲ್ಲಿ ತರಬೇತಿ ಪಡೆದವರು ಚೆನ್ನಾಗಿ ಬಳಸಲಾರರು. ಗುರಿ ತಪ್ಪಿದ ದೊಡ್ಡ ಗುಂಡಿಗಿಂತ ಗುರಿ ಮುಟ್ಟಿದ ಸಣ್ಣ ಗುಂಡು ಮೇಲು. ಹೀಗಾಗಿ 1920ರ ದಶಕದಲ್ಲಿ .38 ಅಳತೆಯ, 200 ಗ್ರೇನ್ ಗುಂಡಿನ ತೋಟೆಯನ್ನು ಪರೀಕ್ಷಿಸಿ, 1932ರಲ್ಲಿ ಅದಕ್ಕೆ ತಕ್ಕ ಎನ್‌ಫೀಲ್ಡ್ ರಿವಾಲ್ವರನ್ನು ಅಂಗೀಕರಿಸಲಾಯಿತು. ಇಲ್ಲಿಯೂ ಹಳೆಯ ಕಥೆ ಮರುಕಳಿಸಿತು. ಬರಿಯ ಸೀಸದ ಆ ಗುಂಡು ಹೇಗ್ ನಿಯಮಕ್ಕೆ ಹೊರತೆಂಬ ಆಕ್ಷೇಪ ಬರಬಹುದೆಂದು, ಇನ್ನೊಂದು ಮಹಾಯುದ್ಧದ ಹೊಸ್ತಿಲಲ್ಲಿ ಅದರ ಬದಲು ಪೂರ್ಣ ಲೋಹಕವಚದ 178 ಗ್ರೇನ್ ಗುಂಡನ್ನು ತರಲಾಯಿತು. .455ಕ್ಕೂ 1939ರಲ್ಲಿ ಕವಚವುಳ್ಳ ಆರನೆಯ ಮಾದರಿ ಬಂದಿತು. ಆಯುಧದ ಕೊರತೆಯಿಂದಾಗಿ ಹಳೆಯ ವೆಬ್ಲಿಗಳು ಆ ಯುದ್ಧದಲ್ಲಿಯೂ ಸೇವೆ ಸಲ್ಲಿಸಿದವು. ಬ್ರಿಟಿಷ್ ಸೇನೆ .455ನ್ನು ಬಳಕೆಯಿಂದ ಕೈಬಿಟ್ಟದ್ದು 1947ರಲ್ಲಿ.

ಭಾರತದಲ್ಲಿ ಆ ಸಂಖ್ಯೆ ಕಾನೂನಿನ ಭಾಷೆಯಲ್ಲಿ ಉಳಿದುಕೊಂಡಿತು. ಸೇನೆ ಮತ್ತು ಪೊಲೀಸರು ಬಳಸುತ್ತಿದ್ದ .303, .38, .455 ಮುಂತಾದ ಅಳತೆಗಳು ಸಾಮಾನ್ಯ ನಾಗರಿಕರಿಗೆ ‘ನಿಷಿದ್ಧ ಬೋರ್’ ಎನಿಸಿದವು. ಸರಕಾರಿ ಕಾರ್ಖಾನೆಗಳು ಪರವಾನಗಿ ಪಡೆದವರಿಗಾಗಿ .32 ಅಳತೆಯ ರಿವಾಲ್ವರನ್ನು ತಯಾರಿಸುವುದಕ್ಕೆ ಇದೇ ಹಿನ್ನೆಲೆ. ಸೇನೆಯ ಉಗ್ರಾಣದಿಂದ ಕದ್ದ ತೋಟೆ ಹೊರಗಿನ ಬಂದೂಕಿಗೆ ಹೊಂದಬಾರದೆಂಬ ವಸಾಹತು ಕಾಲದ ಎಚ್ಚರಿಕೆ ಸ್ವತಂತ್ರ ದೇಶದ ನಿಯಮಗಳಲ್ಲಿಯೂ ಮುಂದುವರಿಯಿತು.

ಕನ್ನಡದ ವಿದ್ಯಾರ್ಥಿಗೆ ಏನು ಪ್ರಯೋಜನ?

ಲಾವಣಿ, ವೀರಗೀತೆ, ಕೈಫಿಯತ್ತುಗಳನ್ನು ಓದುವಾಗ ಆಯುಧದ ಹೆಸರುಗಳನ್ನು ಬರಿಯ ಅಲಂಕಾರವೆಂದು ದಾಟಿಬಿಡಬಾರದು. ಅವು ಕಾಲನಿರ್ಣಯಕ್ಕೆ ಸಾಕ್ಷಿಗಳು. ಹಾಡಿನಲ್ಲಿ ಚಕಮಕಿಯ ಕಲ್ಲು ಬಂದರೆ ಒಂದು ಕಾಲ; ಕೇಪು ಬಂದರೆ ಆ ಸಾಲು ಹತ್ತೊಂಬತ್ತನೆಯ ಶತಮಾನಕ್ಕಿಂತ ಹಿಂದಿನದಾಗಲಾರದು; ಹಿಂದಿನಿಂದ ತುಂಬುವ ತೋಟೆಯ ಅಥವಾ ಆರು ಗುಂಡಿನ ಪಿಸ್ತೂಲಿನ ಮಾತು ಬಂದರೆ ಇನ್ನೂ ಈಚಿನದು. ಹದಿನೆಂಟನೆಯ ಶತಮಾನದ ಪಾಳೆಯಗಾರನನ್ನು ಕುರಿತ ಹಾಡಿನಲ್ಲಿ ಕೇಪು ಸಿಡಿದರೆ ಹಾಡು ಸುಳ್ಳೆಂದು ತಳ್ಳಬೇಕಾಗಿಲ್ಲ. ಹಾಡುಗಾರರು ತಮ್ಮ ಕಾಲದ ಆಯುಧವನ್ನು ಹಿಂದಿನ ವೀರನ ಕೈಗೆ ಕೊಟ್ಟಿದ್ದಾರೆಂದು ತಿಳಿದರೆ ಸಾಕು. ಆ ಪದವೊಂದರಿಂದ ವೀರನ ಕಾಲಕ್ಕೂ ಹಾಡಿನ ಕಾಲಕ್ಕೂ ಇರುವ ದೂರವನ್ನು ಅಳೆಯಬಹುದು. ನಮ್ಮ ಹಳ್ಳಿಗಳಲ್ಲಿ ಹಿರಿಯರಿಂದ ಹಾಡು, ಕಥೆಗಳನ್ನು ಸಂಗ್ರಹಿಸುವವರು ಇಂತಹ ಪದಗಳನ್ನು ಉಚ್ಚಾರಣೆಯ ಸಮೇತ ಗುರುತು ಹಾಕಿಕೊಳ್ಳಬೇಕು. ಒಂದೇ ವಸ್ತುವಿಗೆ ಕಾಡತೂಸು, ತೋಟೆ, ತೋಟಾ, ತೆಲುಗಿನ ತೂಟಾ ಎಂಬ ಹೆಸರುಗಳು ಎಲ್ಲೆಲ್ಲಿ ಬಳಕೆಯಲ್ಲಿವೆ ಎಂಬ ಪಟ್ಟಿಯೇ ಗಡಿನಾಡಿನ ಭಾಷಾಧ್ಯಯನಕ್ಕೆ ಒಂದು ಒಳ್ಳೆಯ ಸಾಮಗ್ರಿ.

ಇನ್ನೊಂದು ಪ್ರಯೋಜನ ಪದಗಳನ್ನು ಅನುಮಾನಿಸುವ ಅಭ್ಯಾಸ. ‘ಆಳನ್ನು ನಿಲ್ಲಿಸುವಂಥದು’ ಎಂಬುದು ಗುಂಡಿನ ಗುಣವನ್ನು ಹೇಳುವ ತಾಂತ್ರಿಕ ಪದದಂತೆ ಕೇಳಿಸುತ್ತದೆ. ಹೇಗ್ ಸಮ್ಮೇಳನದ ವಾದವನ್ನು ಓದಿದಾಗ ಅದು ಮನುಷ್ಯರನ್ನು ಎರಡು ಜಾತಿಯಾಗಿ ಒಡೆದು, ಒಂದು ಜಾತಿಯ ನೋವನ್ನು ಲೆಕ್ಕದಿಂದ ಹೊರಗಿಟ್ಟ ಪದವೆಂದು ತಿಳಿಯುತ್ತದೆ. ಹದಿನೇಳು ಗ್ರಾಂ ಸೀಸದ ಮೂತಿ ದುಂಡಗಿರಬೇಕೋ ಚಪ್ಪಟೆಯಾಗಿರಬೇಕೋ ಎಂಬ ಪ್ರಶ್ನೆಗೆ 1898ರಲ್ಲಿ ಒಂದು ಉತ್ತರ, 1914ರಲ್ಲಿ ಇನ್ನೊಂದು ಉತ್ತರ ದೊರೆತದ್ದು ಆ ಎಣಿಕೆಯಿಂದಲೇ. ಅಂಕಿ ಅಂಶಗಳ ವಿವರಣೆಯನ್ನು ಓದುವಾಗಲೂ ಅದರ ಪದಗಳು ಯಾರ ಪರವಾಗಿ ಮಾತನಾಡುತ್ತಿವೆ ಎಂದು ಕೇಳುವುದು ಸಾಹಿತ್ಯದ ವಿದ್ಯಾರ್ಥಿಯ ಕೆಲಸಕ್ಕೆ ಹೊರತಾದುದಲ್ಲ.